ಮೀನು ಸತ್ತುದಕ್ಕೆ ಹೊಣೆ ಯಾರು?

ಹೊಸತಾಗಿ ಬಣ್ಣ ಬಳಿಸಿಕೊಂಡ ಹೊಟೇಲಿನಲ್ಲಿ ಗಲ್ಲೆಯ ಪಕ್ಕಕ್ಕೊಂದು ಗಾಜಿನ ಮೀನಿನ ತೊಟ್ಟಿಯನ್ನಿಡುವ ಪರಿಪಾಠವು ಮುಂಬಯಿಯಲ್ಲಿ ಮಾತ್ರವಲ್ಲದೆ ಪುಣೆ, ಹೈದರಾಬಾದುಗಳಲ್ಲಿಯೂ ಕಂಡುಬರುತ್ತಿದೆ. ನಾವು ಇದನ್ನು ಆಕ್ಷೇಪಿಸುವವರಲ್ಲ. ಆರ್ಡರು ಕೊಟ್ಟು ಕಾದು ಕುಳಿತ ಗಿರಾಕಿಯ ಸಿಟ್ಟನ್ನು ಹತ್ತು ನಿಮಿಷ ತಡೆದು ನಿಲ್ಲಿಸುವ ಶಕ್ತಿ ಆ ಕೆಂಪು ಮೀನುಗಳಿಗುಂಟೆಂಬುದನ್ನು ನಾವು ಗಲ್ಲೆಯ ಮೇಲೆ ಕುಳಿತು ಕಣ್ಣಾರೆ ಕಂಡವರು. ಆದರೆ ಹೊಸ ತೊಟ್ಟಿಗೆ ಬಿಟ್ಟ ಮೀನುಗಳು ಎಂಟು-ಹತ್ತು ದಿನಗಳೊಳಗಾಗಿ ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲತೊಡಗುತ್ತವೆಂಬುದೂ, ಆಗ ಧಣಿಯ ದೃಷ್ಟಿಯು ನೇರವಾಗಿ ಟೇಬಲು ಒರಸುವ ಹುಡುಗನ ಮೇಲೆ ಬೀಳುತ್ತದೆಂಬುದೂ ಅಷ್ಟೇ ನಿಜವಾದ ಸಂಗತಿಗಳು.

ಕಳೆದ ವಾರ ಅಂತಹ ಒಬ್ಬ ಹುಡುಗನು ನಮ್ಮ ಕಚೇರಿಗೆ ಬಂದಿದ್ದನು. ಉಪನಗರದ ಒಂದು ಹೊಟೇಲಿನಲ್ಲಿ ಕ್ಲೀನರನ ಕೆಲಸ. ಊರು ಬೈಂದೂರಿನ ಕಡೆ. ಒಂಬತ್ತು ಮೀನು ಸತ್ತ ಬಾಬ್ತು ಅವನ ಪಗಾರದಿಂದ ಆರುನೂರು ರೂಪಾಯಿ ಹಿಡಿದಿದ್ದರು. "ನಾನು ಒಂದು ದಿನವೂ ತೊಳೆಯದೆ ಬಿಟ್ಟವನಲ್ಲ, ಅಣ್ಣ. ವಾರಕ್ಕೆ ಎರಡು ಸಲ ನೀರೆಲ್ಲ ಚೆಲ್ಲಿ, ಕಲ್ಲು ತೊಳೆದು, ಗಾಜು ಉಜ್ಜಿ, ಹೊಸ ನೀರು ತುಂಬಿಸಿದ್ದೇನೆ" ಎಂದು ಹೇಳುವಾಗ ಅವನ ಕಣ್ಣು ತುಂಬಿ ಬಂದಿತ್ತು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನು ಅಷ್ಟು ನಿಷ್ಠೆಯಿಂದ ತೊಳೆದುದರಿಂದಲೇ ಮೀನು ಸತ್ತುವು. ಹಾಗೆ ತೊಳೆಯಬೇಕೆಂದು ಅಪ್ಪಣೆ ಮಾಡಿದವರು ಯಾರೆಂಬುದನ್ನು ಮಾತ್ರ ಪಗಾರದ ಪುಸ್ತಕದಲ್ಲಿ ಬರೆದಿಲ್ಲ.

ನಾವು ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮದನ್ನು ಒಪ್ಪಿಕೊಳ್ಳುವುದು ಲೇಸು. ಊರಿನಿಂದ ಬಂದ ಹೊಸತರಲ್ಲಿ, ರಜೆಯ ದಿನ ಮರೀನ್ ಡ್ರೈವಿನ ತಾರಾಪೋರೆವಾಲಾ ಮತ್ಸ್ಯಾಲಯಕ್ಕೆ ಹೋಗಿ ಗಾಜಿಗೆ ಮೂಗು ಹಚ್ಚಿ ನಿಂತವರಲ್ಲಿ ನಾವೂ ಒಬ್ಬರು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಂದ ಉದ್ಘಾಟನೆಗೊಂಡ ಆ ಮತ್ಸ್ಯಾಲಯವು ನಮ್ಮಂತಹ ಎಷ್ಟು ಹೊಟೇಲು ಹುಡುಗರ ರವಿವಾರವನ್ನು ಬೆಳಗಿತೆಂಬುದಕ್ಕೆ ಲೆಕ್ಕವಿಲ್ಲ. ಸ್ವಂತ ಹೊಟೇಲು ತೆರೆದಾಗ ಆ ಹಳೆಯ ಆಸೆ ತಲೆಯೆತ್ತಿತು. ಒಳ್ಳೆಯ ಮುಹೂರ್ತ ನೋಡಿ, ಬೆಳಿಗ್ಗೆ ತೊಟ್ಟಿ ತರಿಸಿ, ಮಧ್ಯಾಹ್ನ ನಳದ ನೀರು ತುಂಬಿಸಿ, ಸಂಜೆಗೆ ಕ್ರಾಫರ್ಡ್ ಮಾರ್ಕೆಟಿನಿಂದ ಹನ್ನೆರಡು ಗೋಲ್ಡ್ ಫಿಶ್ ತಂದು ಬಿಟ್ಟೆವು. ಹದಿನಾಲ್ಕನೆಯ ದಿನಕ್ಕೆ ಹನ್ನೆರಡೂ ಹೋದುವು. ನಾವು ಕೂಡ ಹುಡುಗನನ್ನು ಗದರಿಸಿದೆವು, ಪಗಾರದಲ್ಲಿ ಹಿಡಿದೆವು. ಆಗಿನ ನಮ್ಮ ತಿಳಿವಳಿಕೆ ಅಷ್ಟೇ ಇದ್ದಿತು. ಎಸ್.ಎಸ್.ಎಲ್.ಸಿ.ಯ ವಿಜ್ಞಾನದ ಪುಸ್ತಕದಲ್ಲಿ ಸಾರಜನಕದ ಚಕ್ರವೆಂದು ಒಂದು ಚಿತ್ರವಿದ್ದುದು ನೆನಪಿದೆ. ಅದನ್ನು ಬರೆದು ಅಂಕವನ್ನೂ ಪಡೆದಿದ್ದೆವು. ಅದು ನಮ್ಮ ಗಲ್ಲೆಯ ಪಕ್ಕದಲ್ಲಿಯೇ ತಿರುಗಬೇಕಾದ ಚಕ್ರವೆಂದು ಹೊಳೆಯಲಿಲ್ಲ.

ಮೀನು ಸತ್ತರೆ ಮನೆಗೆ ಬರಲಿದ್ದ ಕೇಡನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಯಿತು ಎಂದು ಹೇಳುವವರಿದ್ದಾರೆ. ವಾಸ್ತುವಿನ ಹೆಸರಿನಲ್ಲಿ ತೊಟ್ಟಿಯಿಡಿಸುವವರು ಈ ಮಾತನ್ನು ಮುಂದಾಗಿಯೇ ಹೇಳಿಟ್ಟಿರುತ್ತಾರೆ. ಯಾರ ನಂಬಿಕೆಯನ್ನೂ ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಈ ಮಾತಿನಿಂದ ಮೀನು ಮಾರುವವನಿಗೆ ಮತ್ತೊಂದು ಡಜನು ಮಾರಾಟವಾಗುತ್ತದೆ, ಧಣಿಗೆ ಸಮಾಧಾನವಾಗುತ್ತದೆ, ಮೀನಿಗೆ ಮಾತ್ರ ಏನೂ ಆಗುವುದಿಲ್ಲ ಎಂದಷ್ಟೇ ಹೇಳಬಯಸುತ್ತೇವೆ.

ನಿಜವಾಗಿ ನಡೆಯುವುದು ಇಷ್ಟು. ಮೀನು ತಿಂದುದು ಜೀರ್ಣವಾದ ಮೇಲೆ ಅದರ ದೇಹದಿಂದ ಅಮೋನಿಯಾ ಹೊರಬೀಳುತ್ತದೆ; ಅದರಲ್ಲಿ ಬಹುಪಾಲು ಕಿವಿರಿನ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತು ಇನ್ನಷ್ಟು ಅಮೋನಿಯಾ ಕೂಡುತ್ತದೆ. ತೊಳೆಯದ ಮೂತ್ರಿಯಲ್ಲಿ ಮೂಗಿಗೆ ಹೊಡೆಯುವ ವಸ್ತು ಅದೇ. ಹೊಳೆಯಲ್ಲಿ, ಕೆರೆಯಲ್ಲಿ ಅದು ಅಪಾರ ಜಲರಾಶಿಯಲ್ಲಿ ಕರಗಿ ಹೋದೀತು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು ಐವತ್ತು ಲೀಟರಿನ ಆಸುಪಾಸು. ಅದರಲ್ಲಿ ಹನ್ನೆರಡು ಮೀನುಗಳು ತಾವು ಬಿಟ್ಟುದನ್ನೇ ತಾವು ಉಸಿರಾಡುತ್ತ ತಿರುಗುತ್ತಿರುತ್ತವೆ. ಮೋಸವೆಂದರೆ ಇಷ್ಟಾದರೂ ನೀರು ಕನ್ನಡಿಯಂತೆ ತಿಳಿಯಾಗಿಯೇ ತೋರುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ. ಧಣಿಯು ಗಲ್ಲೆಯಿಂದ ನೋಡಿ "ನೀರು ಎಷ್ಟು ಸ್ವಚ್ಛವಾಗಿದೆ" ಎಂದು ಮೆಚ್ಚಿಕೊಳ್ಳುವ ದಿನವೇ ಮೀನಿನ ಕಿವಿರು ಬೆಂದು ಕೆಂಪಾಗಿರುವುದುಂಟು.

ಇದಕ್ಕೆ ಪ್ರಕೃತಿಯಲ್ಲಿ ಏರ್ಪಾಡು ಇಲ್ಲವೆ? ಇದೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ ಅದರ ಮೂಲಕ ಚರಂಡಿಯ ನೀರನ್ನು ಮೆಲ್ಲನೆ ಇಳಿಸಿದರು. ಇಪ್ಪತ್ತು ದಿನಗಳ ಕಾಲ ಅಮೋನಿಯಾ ಹೇಗೆ ಹೋಯಿತೋ ಹಾಗೆಯೇ ಕೆಳಗೆ ಬಂದಿತು. ಆಮೇಲೆ ಅದು ತಾನಾಗಿ ನೈಟ್ರೇಟಾಗಿ ಮಾರ್ಪಡತೊಡಗಿತು. ಕ್ಲೋರೋಫಾರಮಿನ ಆವಿ ಬಿಟ್ಟರೆ ಆ ಕಾರ್ಯ ನಿಂತುಹೋಯಿತು; ತೋಟದ ಮಣ್ಣು ತೊಳೆದ ನೀರನ್ನು ಸುರಿದಾಗ ಮತ್ತೆ ಮೊದಲಾಯಿತು. ಅಂದರೆ ಆ ಕೆಲಸ ಮಾಡುತ್ತಿದ್ದುದು ಮರಳಲ್ಲ, ಮರಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು. 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಎಂಬವರು, ಅಮೋನಿಯಾವನ್ನು ನೈಟ್ರೈಟ್ ಮಾಡುವ ಜೀವಿಗಳು ಬೇರೆ, ನೈಟ್ರೈಟನ್ನು ನೈಟ್ರೇಟ್ ಮಾಡುವವು ಬೇರೆ ಎಂದು ತೋರಿಸಿಕೊಟ್ಟರು. ಇವುಗಳಲ್ಲಿ ನೈಟ್ರೈಟು ಕೂಡ ವಿಷವೇ. ಅದು ರಕ್ತದಲ್ಲಿ ಸೇರಿ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ, ನೀರಿನಲ್ಲಿ ಪ್ರಾಣವಾಯುವಿದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಕೊನೆಗೆ ಉಳಿಯುವ ನೈಟ್ರೇಟು ಅಷ್ಟೇನೂ ಉಪದ್ರವಕಾರಿಯಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದು ಹದ್ದಿನಲ್ಲಿರುತ್ತದೆ, ಹಸಿರು ಗಿಡಗಳು ಅದನ್ನುಂಡು ಬೆಳೆಯುತ್ತವೆ.

ಹೊಟೇಲಿನವರಿಗೆ ಇದನ್ನು ತಿಳಿಸಲು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಹಾಲಿಗೆ ಹೆಪ್ಪು ಹಾಕದೆ ಬೆಳಿಗ್ಗೆ ಮೊಸರಿಲ್ಲವೆಂದು ಅಡಿಗೆಭಟ್ಟರನ್ನು ಬೈಯುವ ಧಣಿಯನ್ನು ನಾವು ಇದುವರೆಗೆ ಕಂಡಿಲ್ಲ. ದೋಸೆಯ ಹಿಟ್ಟು ರುಬ್ಬಿದ ಗಳಿಗೆಯಲ್ಲಿಯೇ ಹುಳಿ ಬರಲೆಂದು ಯಾರೂ ಹೇಳುವುದಿಲ್ಲ. ದೆಹಲಿಯ ಚಳಿಗಾಲದಲ್ಲಿ ಅದು ಇನ್ನೂ ತಡವಾಗುತ್ತದೆಂದು ಅಲ್ಲಿಯ ನಮ್ಮ ಭಟ್ಟರುಗಳು ಕಂಬಳಿ ಹೊದಿಸಿ ಕಾಯುತ್ತಾರೆ. ಮೀನಿನ ತೊಟ್ಟಿಗೂ ಹೆಪ್ಪು ಬೇಕು, ಹೆಪ್ಪು ಕೂಡಿಬರಲು ಹೊತ್ತು ಬೇಕು. ಮೊಸರಿಗೆ ಒಂದು ರಾತ್ರಿ ಸಾಕು. ಈ ಜೀವಿಗಳು ಬಲು ನಿಧಾನವಾಗಿ ಬೆಳೆಯುವವಾದುದರಿಂದ ತೊಟ್ಟಿಗೆ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ವ್ಯತ್ಯಾಸ ಅಷ್ಟೇ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಊರ ಚರಂಡಿಯ ನೀರಿಗೆ ಗಾಳಿಯೂದಿ ಶುದ್ಧಿ ಮಾಡಿದ ಪ್ರಯೋಗವೂ ಇಲ್ಲಿ ಸ್ಮರಣೀಯ. ಮೊದಲ ಸಲ ಅದಕ್ಕೆ ಐದು ವಾರ ಹಿಡಿಯಿತು. ಅವರು ಮೇಲಿನ ತಿಳಿನೀರನ್ನು ಮಾತ್ರ ಹರಿಯಬಿಟ್ಟು, ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ ಇರಿಸಿಕೊಂಡು ಅದರ ಮೇಲೆ ಹೊಸ ಚರಂಡಿ ನೀರು ಸುರಿದರು. ಹೀಗೆ ಮಾಡುತ್ತ ಮಾಡುತ್ತ ಐದು ವಾರದ ಕೆಲಸ ಒಂದು ದಿನಕ್ಕೆ ಇಳಿಯಿತು. ಇವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಅವರು ಅನಂತರ ನಮ್ಮ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರೆಂಬುದು ಕನ್ನಡಿಗರಾದ ನಮಗೆ ಹೆಚ್ಚಿನ ಸಂತೋಷ. ಇಂದು ದೊಡ್ಡ ನಗರಗಳ ಮಲಿನ ಜಲ ಶುದ್ಧಿಯೆಲ್ಲ ಬಹುಮಟ್ಟಿಗೆ ಆ ಕೆಸರನ್ನು ಕಾಪಾಡಿಕೊಳ್ಳುವ ಉಪಾಯದ ಮೇಲೆಯೇ ನಿಂತಿದೆ.

ಈಗ ಬೈಂದೂರಿನ ಹುಡುಗನ ಕಡೆಗೆ ಬರೋಣ. ಅವನು ವಾರಕ್ಕೆರಡು ಸಲ ನೀರೆಲ್ಲ ಚೆಲ್ಲಿದನು, ಕಲ್ಲನ್ನು ತಿಕ್ಕಿದನು, ಫಿಲ್ಟರಿನೊಳಗಿನ ಕಪ್ಪಾದ ಸ್ಪಂಜನ್ನು ನಳದ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡಿದನು. ಆ ಕಪ್ಪಿನಲ್ಲಿಯೇ ಹೆಪ್ಪು ಇದ್ದಿತು. ನಳದ ನೀರಿನಲ್ಲಿ ಮಹಾನಗರಪಾಲಿಕೆಯು ನಮ್ಮ ಆರೋಗ್ಯಕ್ಕಾಗಿ ಬೆರೆಸುವ ಕ್ಲೋರಿನ್ ಇದೆ. ರೋಗದ ಕ್ರಿಮಿಯನ್ನು ಕೊಲ್ಲುವ ಅದು ಈ ಉಪಕಾರಿ ಜೀವಿಗಳನ್ನೂ ಬಿಡುವುದಿಲ್ಲ, ಮೀನಿನ ಕಿವಿರನ್ನೂ ಸುಡುತ್ತದೆ. ಹೀಗೆ ಪ್ರತಿ ಸಲವೂ ತೊಟ್ಟಿ ಮೊದಲ ದಿನಕ್ಕೆ ಹಿಂದಿರುಗಿತು. ಪ್ರತಿ ದಿನವೂ ಮೊಸರಿನ ಪಾತ್ರೆಯನ್ನು ಬೂದಿ ಹಾಕಿ ಬೆಳಗಿ, ಹೆಪ್ಪನ್ನೂ ಚೆಲ್ಲಿ, ಮೊಸರು ಏಕಿಲ್ಲವೆಂದು ಕೇಳಿದಂತಾಯಿತು. ಇದರಲ್ಲಿ ಹುಡುಗನ ನಿರ್ಲಕ್ಷ್ಯವೆಲ್ಲಿದೆ? ನೌಕರನ ತಪ್ಪಿನಿಂದಲೇ ನಷ್ಟವಾಯಿತೆಂದಾಗದೆ, ಅವನಿಗೆ ತನ್ನ ಸಮಜಾಯಿಷಿ ಹೇಳುವ ಅವಕಾಶವನ್ನೂ ಕೊಡದೆ, ಪಗಾರದಲ್ಲಿ ನಷ್ಟವನ್ನು ಹಿಡಿಯಕೂಡದೆಂದು 1936ರ ವೇತನ ಪಾವತಿ ಕಾನೂನಿನಲ್ಲಿದ್ದಿತು. 2019ರ ವೇತನ ಸಂಹಿತೆಯಲ್ಲಿಯೂ ಇದೆ. ನಮ್ಮ ಹೊಟೇಲು ಬಂಧುಗಳು, ಧಣಿಗಳೂ ಕಾರ್ಮಿಕರೂ, ಇದನ್ನು ತಿಳಿದಿರುವುದು ಅಗತ್ಯ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಎರಡನೆಯ ತೊಟ್ಟಿಯಲ್ಲಿ ನಾವು ಮಾಡಿದುದನ್ನೇ ಹೇಳುತ್ತೇವೆ. ತೊಟ್ಟಿಗೆ ಕಲ್ಲು, ನೀರು ತುಂಬಿಸಿ, ಫಿಲ್ಟರನ್ನು ಹಗಲಿರುಳು ನಡೆಸಿದೆವು, ಮೀನು ತರಲಿಲ್ಲ. ಎರಡು ಗಲ್ಲಿ ಆಚೆ ಹಳೆಯ ತೊಟ್ಟಿಯಿದ್ದ ಸ್ನೇಹಿತರೊಬ್ಬರಲ್ಲಿ ಹೋಗಿ, ಮೊಸರಿನ ಹೆಪ್ಪು ಕೇಳಿದ ಹಾಗೆಯೇ ಒಂದು ತುಂಡು ಹಳೆಯ ಸ್ಪಂಜನ್ನು ಕೇಳಿ, ಅವರ ತೊಟ್ಟಿಯದೇ ನೀರಿನಲ್ಲಿ ಮುಳುಗಿಸಿ ತಂದು ನಮ್ಮ ಫಿಲ್ಟರಿನಲ್ಲಿಟ್ಟೆವು. ಮೀನಿಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ಬಂದೆವು. ಅದು ಕೊಳೆತು ಬಿಡುವ ಅಮೋನಿಯಾವೇ ಆ ಜೀವಿಗಳಿಗೆ ಊಟ. ನಡುವೆ ಒಂದು ವಾರ ನೀರು ಗಂಜಿಯ ತಿಳಿಯಂತೆ ಬೆಳ್ಳಗಾಯಿತು. ಚೆಲ್ಲಬೇಕೆಂದು ಕೈ ತುರಿಸಿತು, ಚೆಲ್ಲಲಿಲ್ಲ, ತಾನಾಗಿಯೇ ತಿಳಿಯಾಯಿತು. ನೀರನ್ನು ಪರೀಕ್ಷಿಸುವ ಹನಿಗಳ ಪೆಟ್ಟಿಗೆಯು ಮೀನಿನ ಅಂಗಡಿಗಳಲ್ಲಿ ದೊರೆಯುತ್ತದೆ. ಗಾಜಿನ ಚಿಕ್ಕ ನಳಿಗೆಯಲ್ಲಿ ನೀರು ಹಿಡಿದು ಹನಿ ಹಾಕಿ ಬಣ್ಣ ನೋಡುವುದು. ಯಾವ ಹುಡುಗನಾದರೂ ಕಲಿತಾನು. ಮೊದಲು ಅಮೋನಿಯಾ ಏರಿ ಇಳಿಯಿತು, ಆಮೇಲೆ ನೈಟ್ರೈಟ್ ಏರಿ ಇಳಿಯಿತು. ಎರಡೂ ಸೊನ್ನೆಗೆ ಬಂದು ನೈಟ್ರೇಟು ಮಾತ್ರ ಕಂಡ ದಿನ ಮೂರೇ ಮೂರು ಗಪ್ಪಿಗಳನ್ನು ತಂದೆವು. ಉಳಿದವುಗಳನ್ನು ಹತ್ತು-ಹದಿನೈದು ದಿನಕ್ಕೆ ಎರಡೆರಡರಂತೆ ಕೂಡಿಸಿದೆವು. ಗೋಲ್ಡ್ ಫಿಶ್ ಈ ಗಾತ್ರದ ತೊಟ್ಟಿಗೆ ಸಲ್ಲದೆಂದು ಆಗ ತಿಳಿಯಿತು. ಅದು ತಿನ್ನುವುದು ಬಹಳ, ಹೊರಹಾಕುವುದು ಅದಕ್ಕಿಂತಲೂ ಬಹಳ.

ಆಮೇಲಿನ ಚಾಕರಿ ಸುಲಭ. ವಾರಕ್ಕೊಮ್ಮೆ ಒಂದು ಬಾಲ್ದಿ, ಅಂದರೆ ನಾಲ್ಕನೆಯ ಒಂದು ಪಾಲು ನೀರನ್ನು ನಳಿಕೆಯಿಂದ ತಳದ ಹೊಲಸಿನೊಂದಿಗೆ ಎಳೆದು ತೆಗೆಯುವುದು. ಸ್ಪಂಜು ತೀರ ಕಟ್ಟಿಕೊಂಡಿದ್ದರೆ ಆ ತೆಗೆದ ನೀರಿನಲ್ಲಿಯೇ ಅದ್ದಿ ಎರಡು ಸಲ ಹಿಂಡಿ ಮರಳಿ ಇಡುವುದು. ಹಿಂದಿನ ದಿನವೇ ಹಿಡಿದು ತೆರೆದಿಟ್ಟ ನೀರನ್ನಾಗಲಿ, ಕ್ಲೋರಿನ್ ತೆಗೆಯುವ ಔಷಧದ ಹನಿ ಹಾಕಿದ ನೀರನ್ನಾಗಲಿ ಹೊಯ್ಯುವುದು. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು. ಹೊಟೇಲಿನಲ್ಲಿ ಇದೇ ಅತ್ಯಂತ ಕಠಿಣವಾದ ನಿಯಮ. ಧಣಿ ಒಮ್ಮೆ, ಕ್ಯಾಶಿಯರ್ ಒಮ್ಮೆ ಹಾಕುತ್ತಾರೆ. ಗಿರಾಕಿಯ ಮಗು ಬನ್ನಿನ ಚೂರು ಹಾಕುತ್ತದೆ. ಹಸಿದವರಿಗೆ ಅನ್ನವಿಕ್ಕುವ ಕುಲದವರಾದ ನಮಗೆ ಬೇಡವೆನ್ನಲು ನಾಲಿಗೆ ಬಾರದು. ಆದರೂ ಒಬ್ಬನಿಗೇ ವಹಿಸಿ, ಡಬ್ಬಿಯನ್ನು ಬೀಗದೊಳಗಿಡಬೇಕು.

ಮೀನು ಈಗಾಗಲೇ ಹೊಸ ತೊಟ್ಟಿಯಲ್ಲಿದ್ದು ಏದುಸಿರು ಬಿಡುತ್ತಿದೆಯೆಂದರೆ, ಎರಡು ದಿನ ಆಹಾರ ನಿಲ್ಲಿಸಿ, ದಿನಾಲೂ ಕಾಲು ಪಾಲು ನೀರನ್ನು ಬದಲಿಸುತ್ತ ಬರಬೇಕು. ನೈಟ್ರೈಟಿನ ಬಾಧೆಗೆ ಲೀಟರಿಗೆ ಒಂದು ಗ್ರಾಮಿನಂತೆ ಕಲ್ಲುಪ್ಪು ಕರಗಿಸಿ ಹಾಕಿದರೆ ಪ್ರಯೋಜನವುಂಟು.

ಊರೂರಿನ ನೀರಿನ ಗುಣ ಬೇರೆ ಎಂಬುದನ್ನೂ ಮರೆಯಕೂಡದು. ಮುಂಬಯಿಗೆ ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ಬರುವ ನೀರು ಮಳೆಯ ನೀರೇ, ಅಷ್ಟಾಗಿ ಗಡಸಲ್ಲ. ಚೆನ್ನೈ, ಹೈದರಾಬಾದುಗಳ ಬೋರು ನೀರು ಹಲವೆಡೆ ಗಡಸು, ಕ್ಷಾರ. ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷವೂ ಹೆಚ್ಚು: 25 ಡಿಗ್ರಿ ಉಷ್ಣದಲ್ಲಿ ಪಿ.ಎಚ್. 7 ಇದ್ದರೆ ಅದರಲ್ಲಿ ನೂರಕ್ಕೆ ಅರ್ಧದಷ್ಟು ಮಾತ್ರ ಉಗ್ರರೂಪದಲ್ಲಿರುತ್ತದೆ, 8 ಆದರೆ ನೂರಕ್ಕೆ ಐದು. ಅದಕ್ಕಾಗಿ ಕೆಲವು ಗುಮಾಸ್ತ ಬಂಧುಗಳು ಮನೆಯ ಆರ್.ಓ. ಯಂತ್ರದ ನೀರನ್ನೇ ತೊಟ್ಟಿಗೆ ತುಂಬಿಸುತ್ತಾರೆ. ಅದೂ ಸರಿಯಲ್ಲ. ಅದರಲ್ಲಿ ಖನಿಜಾಂಶವೇ ಇಲ್ಲದುದರಿಂದ ಕೆಲವು ವಾರಗಳಲ್ಲಿ ನೀರು ಹುಳಿಯಾಗಿ, ಹೆಪ್ಪಿನ ಜೀವಿಗಳು ಕೆಲಸ ನಿಲ್ಲಿಸುತ್ತವೆ. ಅರ್ಧಕ್ಕರ್ಧ ನಳದ ನೀರು ಬೆರೆಸುವುದೇ ಸೂಕ್ತ. ಖೋಲಿಯ ಕಪಾಟಿನ ಮೇಲೆ ಅಂಗೈಯಗಲದ ಗಾಜಿನ ಬೋಗುಣಿಯಲ್ಲಿ ಒಂದು ಗೋಲ್ಡ್ ಫಿಶ್ ಇಟ್ಟು ಮಕ್ಕಳನ್ನು ಸಂತೈಸುವವರಿಗೆ ನಾವು ಹೇಳುವುದು ಒಂದೇ ಮಾತು: ಅದನ್ನು ಇಡಬೇಡಿರಿ. ಅಷ್ಟು ನೀರಿನಲ್ಲಿ ಯಾವ ಹೆಪ್ಪೂ ನಿಲ್ಲದು.

ತೊಟ್ಟಿಯ ಹೊಲಸನ್ನು ತಿಂದು ತೊಡೆಯುತ್ತದೆಂದು ಹೇಳಿ ಅಂಗಡಿಯವರು ಸಕ್ಕರ್ ಮೀನನ್ನು ಕೊಡುತ್ತಾರೆ. ಅದು ಪಾಚಿ ತಿನ್ನುವುದು ಹೌದು. ಒಂದಡಿಗೂ ಮೀರಿ ಬೆಳೆದು, ತಾನೇ ಎಲ್ಲರಿಗಿಂತ ಹೆಚ್ಚು ಹೊಲಸು ಮಾಡುವುದೂ ಹೌದು. ಆಮೇಲೆ ಅದನ್ನು ಕೆರೆಗೆ ಬಿಡುತ್ತಾರೆ. ಆಂಧ್ರ, ಕೇರಳ, ಬಂಗಾಳದ ನೀರುಗಳಲ್ಲಿ ಈ ಪರದೇಶಿ ಮೀನು ಬೆಸ್ತರ ಬಲೆ ಹರಿದು ಪೀಡೆಯಾಗಿ ಕುಳಿತಿದೆ.

"ಐದು ವಾರ ಬರಿಯ ನೀರಿನ ತೊಟ್ಟಿಯಿಟ್ಟುಕೊಂಡರೆ ಗಿರಾಕಿಗಳು ನಗುವುದಿಲ್ಲವೆ?" ಎಂದು ಧಣಿಗಳೊಬ್ಬರು ನಮ್ಮನ್ನು ಕೇಳಿದರು. ನಗಬಹುದು. ನಮ್ಮಲ್ಲಿಯೂ ನಕ್ಕರು, "ಮೀನು ಊಟಕ್ಕೆ ಹೋಗಿದೆಯೋ?" ಎಂದು ದಿನಾ ಕೇಳುವ ಒಬ್ಬ ಬ್ಯಾಂಕಿನ ಗುಮಾಸ್ತರಿದ್ದರು. ನಾಲ್ಕು ಹಸಿರು ಗಿಡ ನೆಟ್ಟು ದೀಪ ಹಾಕಿದರೆ ಆ ತೊಟ್ಟಿಯೂ ನೋಡುವಂತೆಯೇ ಇರುತ್ತದೆ. ಸೊಳ್ಳೆಯ ಭಯದಿಂದ ಪಾಲಿಕೆಯವರು ಬಂದು ಕೇಳದಂತೆ ಮೇಲೊಂದು ಮುಚ್ಚಳವಿಟ್ಟು, ಪಂಪು ನಿಲ್ಲದಂತೆ ನೋಡಿಕೊಂಡರಾಯಿತು. ತೇಲುವ ಹೆಣಗಳನ್ನು ಗಿರಾಕಿಗಳು ಬರುವ ಮೊದಲು ಚಹಾದ ಜರಡಿಯಿಂದ ಎತ್ತಿಸುವುದಕ್ಕಿಂತ ಇದು ಅವಮಾನವೆಂದು ನಮಗೆ ತೋರುವುದಿಲ್ಲ. ಆ ಜರಡಿಯ ಕೆಲಸವನ್ನೂ ಮಾಡಿದ್ದು ಹುಡುಗನೇ, ನಾವಲ್ಲ.

ನಾವು ಅಂದು ಪಗಾರ ಹಿಡಿದ ಹುಡುಗನು ಈಗ ವಾಶಿಯಲ್ಲಿ ತನ್ನದೇ ಜ್ಯೂಸಿನ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷಗಳ ಹಿಂದೆ ಅವನಲ್ಲಿಗೆ ಹೋಗಿ ಆ ಹಣವನ್ನು ಮುಂದಿಟ್ಟೆವು. ಅವನು ನಗಲೂ ಇಲ್ಲ, ಬೇಡವೆನ್ನಲೂ ಇಲ್ಲ; ಎಣಿಸಿ ಗಲ್ಲೆಗೆ ಹಾಕಿಕೊಂಡನು. ನಾವು ಕುಡಿದ ಮೋಸಂಬಿ ರಸದ ಹಣವನ್ನು ಬೇರೆಯಾಗಿ ತೆಗೆದುಕೊಂಡನು.

ಬೈಂದೂರಿನ ಹುಡುಗನ ಧಣಿಗಳೊಡನೆ ನಾವು ಫೋನಿನಲ್ಲಿ ಮಾತಾಡಿದ್ದೇವೆ. ಸಜ್ಜನರು, ಎಲ್ಲವನ್ನೂ ಸಾವಧಾನದಿಂದ ಕೇಳಿದರು. ಆರುನೂರು ರೂಪಾಯಿಯನ್ನು ಮುಂದಿನ ಪಗಾರದೊಂದಿಗೆ ಕೊಡುವೆವೆಂದು ಒಪ್ಪಿದ್ದಾರೆ. ಹೊಸ ಮೀನುಗಳನ್ನು ಮಾತ್ರ ಈ ಆದಿತ್ಯವಾರವೇ ತರುವುದಾಗಿಯೂ, ಅಂದು ದಿನ ಚೆನ್ನಾಗಿದೆಯೆಂದೂ ಹೇಳಿದ್ದಾರೆ.